ಎರಡು ಸಲ ಓದಿದ ಮಹಜರು

2023ರ ಜೂನ್. ದೇವನಹಳ್ಳಿ ತಾಲ್ಲೂಕಿನ ನಾಲ್ಕು ಹಳ್ಳಿಗಳಿಗೆ ನಾನು ಗ್ರಾಮ ಆಡಳಿತ ಅಧಿಕಾರಿಯಾಗಿದ್ದೆ. ಸರ್ಕಾರ ನಮ್ಮ ಹುದ್ದೆಗೆ ಇಷ್ಟು ದೊಡ್ಡ ಹೆಸರಿಟ್ಟಿದ್ದರೂ ಜನರ ಬಾಯಲ್ಲಿ ನಾವು ಹಳೆಯ ಲೆಕ್ಕಿಗರೇ. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿಯಿತ್ತು. ಈ ಪ್ರಸಂಗ ನಡೆದ ಹಳ್ಳಿಯ ಹೆಸರನ್ನು ಬರೆಯುವುದಿಲ್ಲ. ಬರೆದರೆ ಆ ಒಂದು ಹಳ್ಳಿ ಕೆಟ್ಟದ್ದು, ಉಳಿದವು ಒಳ್ಳೆಯವು ಎಂದು ಓದುವವರು ಸಮಾಧಾನಪಟ್ಟುಕೊಂಡುಬಿಡುತ್ತಾರೆ.

ನನ್ನ ಕೆಲಸದಲ್ಲಿ ನನಗೊಂದು ಜಂಬವಿತ್ತು. ಯಾರಾದರೂ ಜಾತಿ, ಆದಾಯ, ವಾಸದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ನಾವು ಸ್ಥಳಕ್ಕೆ ಹೋಗಿ ವಿಚಾರಿಸಿ, ಕಂಡದ್ದನ್ನು ಬರೆದು, ಅಲ್ಲಿನ ಇಬ್ಬರಿಗೆ ಓದಿ ಹೇಳಿ ಸಹಿ ಪಡೆಯಬೇಕು. ಅದಕ್ಕೆ ಸ್ಥಳ ಮಹಜರು ಎನ್ನುತ್ತಾರೆ. ಟೀ ಅಂಗಡಿಯಲ್ಲಿ ಕೂತು ಹತ್ತು ಮಹಜರು ಬರೆದು ಮುಗಿಸುವವರನ್ನು ನಾನು ಕಂಡಿದ್ದೆ. ನಾನು ಆ ಪೈಕಿಯಲ್ಲ. ಬಿಸಿಲಿರಲಿ ಮಳೆಯಿರಲಿ, ಅರ್ಜಿದಾರರ ಬಾಗಿಲಿಗೆ ಹೋಗಿಯೇ ಬರೆಯುತ್ತಿದ್ದೆ. ನಾನು ಸೋಮಾರಿಯಾಗಿದ್ದರೆ ಈ ಕಥೆ ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಆ ತಿಂಗಳ ಅರ್ಜಿಗಳಲ್ಲಿ ಹುಲಿಗೆಮ್ಮನದೂ ಒಂದಿತ್ತು. ರಾಯಚೂರು ಕಡೆಯವಳು, ಗಂಡ ತೀರಿಕೊಂಡಿದ್ದ. ವಿಮಾನ ನಿಲ್ದಾಣದಲ್ಲಿ ಗುತ್ತಿಗೆಯ ಹೌಸ್‌ಕೀಪಿಂಗ್ ಕೆಲಸ, ಕೈಗೆ ಬರುವ ಸಂಬಳ ಹದಿನಾಲ್ಕೂವರೆ ಸಾವಿರ. ಮಗಳು ಭಾಗ್ಯ ದೇವನಹಳ್ಳಿಯಲ್ಲಿ ಮೊದಲ ಪಿಯುಸಿಗೆ ಸೇರಿದ್ದಳು. ಅವಳ ವಿದ್ಯಾರ್ಥಿವೇತನಕ್ಕೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕಿತ್ತು.

ಹುಲಿಗೆಮ್ಮ ಮೊದಲು ಮನೆ ಹುಡುಕಿದ್ದು ಹೆಬ್ಬಾಳದ ಕಡೆ. ಅಲ್ಲಿ ಒಂದು ಕೋಣೆಗೆ ಒಂಬತ್ತು ಸಾವಿರ ಬಾಡಿಗೆ, ಮೇಲೆ ಹತ್ತು ತಿಂಗಳ ಅಡ್ವಾನ್ಸ್ ಕೇಳಿದರು. ಆಮೇಲೆ ವಾರದ ರಜೆಯ ದಿನಗಳಲ್ಲೆಲ್ಲ ಹಳ್ಳಿ ಹಳ್ಳಿ ಅಲೆದು ಈ ಮನೆ ಹಿಡಿದಿದ್ದಳು. ಮುನಿಶಾಮಪ್ಪ ಎಂಬವನು ತನ್ನ ಮನೆಯ ಪಕ್ಕದಲ್ಲೇ ಕಟ್ಟಿಸಿದ್ದ ಐದು ಸಾಲುಮನೆಗಳಲ್ಲಿ ಕೊನೆಯದು. ಬಾಡಿಗೆ ಮೂರು ಸಾವಿರದ ಎಂಟುನೂರು. ಅದಕ್ಕಿಂತ ಮುಖ್ಯವಾಗಿ, ಬೆಳಗಿನ ಶಿಫ್ಟಿನವರನ್ನು ಕರೆದೊಯ್ಯುವ ವ್ಯಾನು ಆ ಊರಿನ ಗೇಟಿನಲ್ಲಿ, ಅಂದರೆ ಊರಿನ ದಾರಿ ಮುಖ್ಯರಸ್ತೆಗೆ ಸೇರುವಲ್ಲಿ, ನಿಲ್ಲುತ್ತಿತ್ತು. ಆ ಹೊತ್ತಿಗೆ ಬಸ್ಸಿಲ್ಲ. ಮನೆ ಹೋದರೆ ಕೆಲಸವೂ ಹೋದ ಹಾಗೆಯೇ.

ಮನೆ ಕೊಡುವಾಗ ಮುನಿಶಾಮಪ್ಪ ಆಕೆಯನ್ನು ಜಾತಿ ಕೇಳಿರಲಿಲ್ಲ. ಈಗ ಯಾರೂ ನೇರವಾಗಿ ಕೇಳುವುದಿಲ್ಲ, ಮರ್ಯಾದಸ್ಥರು ನೋಡಿ. ಊರು ಕೇಳುತ್ತಾರೆ, ಮನೆದೇವರು ಕೇಳುತ್ತಾರೆ, ಏನು ಅಡುಗೆ ಮಾಡುತ್ತೀರಿ ಎಂದು ಕೇಳುತ್ತಾರೆ, ಆಮೇಲೆ ತಾವೇ ಲೆಕ್ಕ ಹಾಕಿಕೊಳ್ಳುತ್ತಾರೆ. ರಾಯಚೂರು ದೂರವಾದ್ದರಿಂದ ಮುನಿಶಾಮಪ್ಪನಿಗೆ ಈ ಲೆಕ್ಕ ಸಿಕ್ಕಿರಲಿಲ್ಲ.

ನಾನು ಹೋದ ದಿನ ಹುಲಿಗೆಮ್ಮ ಡ್ಯೂಟಿಗೆ ಹೋಗಿದ್ದಳು. ಮುನಿಶಾಮಪ್ಪ ಜಗಲಿಯ ಮೇಲೆ ಕೂರಿಸಿ ಉಪಚಾರ ಮಾಡಿದ. "ಬನ್ನಿ ಲೆಕ್ಕಿಗರೇ, ಬಿಸಿಲಲ್ಲಿ ಬಂದ್ಬಿಟ್ಟಿದೀರಾ, ಒಂದ್ ಲೋಟ ಕಾಫಿ ಕುಡ್ಕೊಂಡ್ ಹೋಗಿ" ಎಂದ. ಸಾಕ್ಷಿಗೆ ಊರಿನ ಯಾವ ಇಬ್ಬರಾದರೂ ಆಗುತ್ತಿತ್ತು. ಮನೆ ಮಾಲೀಕನ ಸಹಿಗೆ ತೂಕ ಹೆಚ್ಚೆಂದು ನಾನೇ ಅವನನ್ನು ಆರಿಸಿಕೊಂಡೆ, ಜೊತೆಗೆ ಎದುರು ಮನೆಯವನೊಬ್ಬನನ್ನು ಕರೆಸಿದೆ. ಆಕೆಯ ಜಾತಿಗೆ ರಾಯಚೂರು ಕಡೆಯ ಹಳೆಯ ಪ್ರಮಾಣಪತ್ರವೇ ಇತ್ತು. ಇಲ್ಲಿ ನಾನು ಖಚಿತಪಡಿಸಿಕೊಳ್ಳಬೇಕಿದ್ದದ್ದು ವಾಸ ಮತ್ತು ಆದಾಯ ಮಾತ್ರ. ಆದರೆ ಮೂವತ್ತೆರಡು ವರ್ಷದ ಕೈ ತನ್ನ ರೂಢಿಯಂತೆ ಬರೆಯಿತು. ಬರೆದದ್ದನ್ನು ನಿಯಮದಂತೆ ಗಟ್ಟಿಯಾಗಿ ಓದಿದೆ. "ಪರಿಶಿಷ್ಟ ಜಾತಿಗೆ ಸೇರಿದ ಹುಲಿಗೆಮ್ಮ ಎಂಬುವವರು ಸದರಿ ಮನೆಯಲ್ಲಿ ಬಾಡಿಗೆಗೆ ವಾಸವಾಗಿದ್ದು..."

ಮುನಿಶಾಮಪ್ಪ ಕೈಯೆತ್ತಿ ತಡೆದ. "ಸ್ವಾಮಿ, ಮೊದಲ್ನೇ ಸಾಲು ಇನ್ನೊಂದ್ಸಲ ಓದಿ."

ಪಾಪ, ಕಿವಿ ಮಂದ ಎಂದುಕೊಂಡೆ. ಇನ್ನಷ್ಟು ಗಟ್ಟಿಯಾಗಿ, ಪಕ್ಕದ ಮನೆಯವರಿಗೂ ಕೇಳುವ ಹಾಗೆ, ಮತ್ತೊಮ್ಮೆ ಓದಿದೆ. ಬಾಗಿಲ ಬಳಿ ಕೂತಿದ್ದ ಅವನ ಹೆಂಡತಿ ಜಯಮ್ಮ ಎದ್ದು ಒಳಗೆ ಹೋದಳು. ಮುನಿಶಾಮಪ್ಪ ಸಹಿ ಹಾಕಿದ, ಎದುರು ಮನೆಯವನೂ ಹಾಕಿದ. ನಾನು ಕಾಫಿ ಮುಗಿಸಿ, ಕೆಲಸ ಅಚ್ಚುಕಟ್ಟಾಯಿತೆಂಬ ಖುಷಿಯಲ್ಲಿ ಸ್ಕೂಟರ್ ಹತ್ತಿದೆ.

ಒಂಬತ್ತನೇ ದಿನ ಹುಲಿಗೆಮ್ಮ ನನ್ನ ಕಚೇರಿಗೆ ಬಂದಳು. ಯೂನಿಫಾರ್ಮಿನಲ್ಲೇ ಇದ್ದಳು.

"ಸರ್ರ, ಮನಿ ಬಿಡು ಅಂದಾರ್ರಿ. ಮಗಳು ಬಾಣಂತನಕ್ಕ ಬರ್ತಾಳಂತ. ಹದಿನೈದು ದಿನದಾಗ ಖಾಲಿ ಮಾಡಬೇಕಂತ."

"ಅವರ ಮನೆ ಅವರಿಗೆ ಬೇಕು ಅಂದ್ರೆ ಏನ್ಮಾಡೋಕಾಗುತ್ತಮ್ಮ?" ಎಂದೆ.

"ಅವರಿಗೆ ಮಗಳೇ ಇಲ್ರಿ ಸರ್ರ. ಇರೋವು ಎರಡೂ ಗಂಡ್ಮಕ್ಕಳು."

ನಾನು ಮಾಡಿದ್ದೇನೆಂದು ನನಗೆ ತಿಳಿದದ್ದು ಆಗ. ಅಂದೇ ಸಂಜೆ ಮುನಿಶಾಮಪ್ಪನ ಮನೆಗೆ ಹೋದೆ. ಅವನು ಜಗಳವಾಡಲಿಲ್ಲ. ಜಗಳವಾಡಿದ್ದರೆ ನನಗೂ ನಾಲ್ಕು ಮಾತಾಡಲು ದಾರಿಯಾಗುತ್ತಿತ್ತು.

"ನಾನು ಅವೆಲ್ಲ ನೋಡೋನಲ್ಲ ಸ್ವಾಮಿ. ಆಯಮ್ಮ ಒಳ್ಳೇವ್ಳೇ, ಬಾಡಿಗೆ ಒಂದಿನ ತಡ ಮಾಡಿಲ್ಲ. ಆದ್ರೆ ಒಂದೇ ನಲ್ಲಿ, ಒಂದೇ ಸಂಪು. ನಾಳೆ ನೆಂಟ್ರು ಬಂದ್ರೆ ನಾನೇನ್ ಹೇಳ್ಲಿ?" ಎಂದ. ಮತ್ತೆ ತಾನೇ ಹೇಳಿದ. "ಗೊತ್ತಿಲ್ದೆ ನಡೀತಿತ್ತು, ನಡ್ಕೊಂಡ್ ಹೋಗ್ತಿತ್ತು. ಊರೋರ ಮುಂದೆ ಎರಡೆರಡು ಸಲ ಓದಿದ್ದು ನೀವು. ಈಗ ಬಂದು ನನ್ನ ಕೇಳ್ತೀರಾ?"

ಆದರೂ ನನ್ನ ಬಳಿ ಕಾನೂನಿತ್ತು. ಮರುದಿನ ಕೂತು ದೂರು ಬರೆದು, ಯಾವ ಕಾಯ್ದೆ ಎಂಬುದನ್ನೂ ಸೇರಿಸಿ, ಹುಲಿಗೆಮ್ಮನ ಮುಂದಿಟ್ಟೆ. ಅದನ್ನೂ ಓದಿ ಹೇಳಿದೆ, ಈ ಸಲ ಮೆಲ್ಲಗೆ. ಆಕೆ ಸಹಿ ಹಾಕಲಿಲ್ಲ.

"ಕೇಸ್ ಹಾಕಿದಾಕಿಗೆ ಮುಂದ ಯಾರು ಮನಿ ಕೊಡ್ತಾರ್ರಿ? ನನಗ ನ್ಯಾಯ ಬ್ಯಾಡ್ರಿ ಸರ್ರ, ಮನಿ ಬೇಕು. ಆ ವ್ಯಾನು ಬರೋ ದಾರ್‍ಯಾಗ ಒಂದು ಖೋಲಿ ಕೊಡಿಸ್ರಿ, ಸಾಕು."

ಅದಾದರೂ ನನ್ನ ಕೈಲಾದೀತು ಎಂದುಕೊಂಡೆ. ನಾಲ್ಕು ಹಳ್ಳಿಯ ಲೆಕ್ಕಿಗ, ಒಬ್ಬರ ಖಾತೆ, ಇನ್ನೊಬ್ಬರ ಪಹಣಿ ನನ್ನ ಕೈ ದಾಟಿ ಹೋಗಿದ್ದವು. ನನ್ನ ಮಾತಿಗೆ ಬೆಲೆಯಿದೆ ಎಂಬ ಭ್ರಮೆ. ಹನ್ನೆರಡು ದಿನಗಳಲ್ಲಿ ಐದು ಮನೆ ನೋಡಿದೆವು. ಐದೂ ಕಡೆ ನನ್ನನ್ನು ಆದರದಿಂದ ಕೂರಿಸಿದರು. ಐದೂ ಕಡೆ ಆಕೆಯನ್ನು ಬಾಗಿಲಾಚೆ ನಿಲ್ಲಿಸಿ, ನನ್ನ ಕಿವಿಯ ಹತ್ತಿರ ಬಂದು, "ಯಾವ ಜನ ಸ್ವಾಮಿ?" ಎಂದು ಪಿಸುಗುಟ್ಟಿದರು. ಮೊದಲ ಎರಡು ಕಡೆ ಗೊತ್ತಿಲ್ಲ ಎಂದೆ. ಲೆಕ್ಕಿಗನಿಗೆ ಗೊತ್ತಿಲ್ಲವೆಂದರೆ ಯಾರು ನಂಬುತ್ತಾರೆ? ಉಳಿದ ಮೂರು ಕಡೆ ಅವರು ಕೇಳಿದ ಕೂಡಲೇ ನಾನೇ ಎದ್ದುಬಿಟ್ಟೆ.

ಐದನೆಯ ಮನೆಯಿಂದ ಹೊರಬಂದು ಬೇವಿನ ಮರದ ಕೆಳಗೆ ನಿಂತಿದ್ದೆವು. ಗಡುವಿಗೆ ಮೂರು ದಿನ ಉಳಿದಿತ್ತು. ಹುಲಿಗೆಮ್ಮ ಸೆರಗಿನ ತುದಿ ಹಿಂಡುತ್ತಾ ಕೇಳಿದಳು.

"ತಪ್ಪು ತಿಳ್ಕೋಬ್ಯಾಡ್ರಿ ಸರ್ರ. ದೇವನಹಳ್ಳ್ಯಾಗ ನಿಮ್ಮ ಮನಿ ಮ್ಯಾಲ ಟು ಲೆಟ್ ಬೋರ್ಡ್ ಐತಂತ ಭಾಗ್ಯ ಅಂದ್ಳು. ಕಾಲೇಜಿಗೆ ಹೋಗೋ ದಾರ್‍ಯಾಗ ನೋಡ್ಯಾಳ. ಆ ಕಡೀಗೂ ವ್ಯಾನ್ ಬರತೈತ್ರಿ. ಬಾಡಗಿ ಒಂದೀಟು ಜಾಸ್ತಿ ಆದ್ರೂ ಕೊಡ್ತೀನ್ರಿ."

"ಅದು ಕೊಟ್ಟಾಯ್ತಮ್ಮ" ಎಂದೆ. ಒಂದು ಕ್ಷಣವೂ ತಡವರಿಸಲಿಲ್ಲ. "ಬೋರ್ಡ್ ತೆಗೆಯೋದು ಮರೆತಿದೀವಿ. ಅಡ್ವಾನ್ಸ್ ಕೂಡ ಇಸ್ಕೊಂಡಾಗಿದೆ."

"ಹೌದ್ರಿ?" ಎಂದು ಆಕೆ ನನ್ನ ಮುಖ ನೋಡಿದಳು. "ಇಷ್ಟು ತಿರುಗಾಡಿದ್ರಿ, ದೊಡ್ಡ ಉಪಕಾರ ಆತ್ರಿ" ಎಂದು ಕೈ ಮುಗಿದು ಗೇಟಿನ ಕಡೆ ನಡೆದಳು.

ಮನೆ ಯಾರಿಗೂ ಕೊಟ್ಟಿರಲಿಲ್ಲ. ಹೆಂಡತಿ ಒಪ್ಪುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಹೆಂಡತಿಯನ್ನು ನಾನು ಕೇಳಲೇ ಇಲ್ಲ. ಮೂರು ವಾರದ ಮೇಲೆ ಒಬ್ಬ ಬ್ಯಾಂಕ್ ನೌಕರನ ಸಂಸಾರ ಬಂತು. ನಮ್ಮವರೇ.

ಹುಲಿಗೆಮ್ಮ ಗಡುವಿನ ದಿನವೇ ಬೀಗದ ಕೈ ಕೊಟ್ಟು ಹೊಸಕೋಟೆ ಕಡೆಯ ಒಂದು ಗೋಡೌನಿನ ಕೂಲಿಗಳ ಶೆಡ್ಡಿಗೆ ಹೋದಳೆಂದು ತಿಳಿಯಿತು. ಅಲ್ಲಿಗೆ ವ್ಯಾನು ಹೋಗುವುದಿಲ್ಲ. ಭಾಗ್ಯ ಕಾಲೇಜು ಬಿಟ್ಟಳೋ, ಅಲ್ಲೆಲ್ಲಾದರೂ ಸೇರಿದಳೋ ಗೊತ್ತಿಲ್ಲ. ಪ್ರಮಾಣಪತ್ರ ಸಕಾಲಕ್ಕೆ ಮಂಜೂರಾಗಿ ಬಂತು, ಅದರಲ್ಲಿದ್ದ ವಿಳಾಸ ಮುನಿಶಾಮಪ್ಪನ ಸಾಲುಮನೆಯದು. ತೆಗೆದುಕೊಳ್ಳಲು ಯಾರೂ ಬರಲಿಲ್ಲ.

ಈಗ ನಿವೃತ್ತನಾಗಿದ್ದೇನೆ. ಬೆಂಗಳೂರಿನ ಸುತ್ತ ಬಡವರ ಕೈಗೆಟಕುವ ಮನೆಯೇ ಇಲ್ಲ ಎಂದು ವಾಕಿಂಗಿನ ಗೆಳೆಯರು ಮರುಗುವಾಗ ನಾನು ಬಾಯಿ ಬಿಡುವುದಿಲ್ಲ. ನನ್ನ ನೌಕರಿ ಕಲಿಸಿದ ಪಾಠ ಬೇರೆ. ಹುಲಿಗೆಮ್ಮ ಕೇಳಿದ ಆರು ಮನೆಗಳೂ ಖಾಲಿಯಿದ್ದವು, ಬಾಡಿಗೆ ಕೊಡಲು ಆಕೆ ತಯಾರಿದ್ದಳು. ಐದು ಮನೆಯವರು ಕನಿಷ್ಠ ನನ್ನನ್ನು ಕೇಳಿದರು. ಆರನೆಯವನು ಯಾರನ್ನೂ ಕೇಳಲಿಲ್ಲ.