ಆ ಹಸಿರು ಚುಕ್ಕಿ ನಮ್ಮ ಭಾವ

ಮೊನ್ನೆ ಕಂಪ್ಯೂಟರಿನಲ್ಲಿ ನನ್ನನ್ನು ನಾನೇ ನೋಡಿದೆ. ಹಸಿರು ಚುಕ್ಕಿಯಾಗಿ ನಿಂತಿದ್ದೆ. ತುಂಬಾ ಖುಷಿಯಾಗಿದ್ದೆನಂತೆ.

(ಇವನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ, ಹೇಳುತ್ತೇನೆ.)

ಶ್ರೀರಂಗಪಟ್ಟಣದ ನಮ್ಮ ಬೀದಿಗಳಲ್ಲಿ ಹೋದ ವರ್ಷ ಒಂದು ಸಾಂಸ್ಕೃತಿಕ ಉತ್ಸವ ನಡೆಯಿತು. ಅದರಿಂದ ಊರಿಗೆ ಏನಾಯಿತು, ಈ ವರ್ಷವೂ ಮಾಡಿದರೆ ಏನಾದೀತು ಎಂದು ಹೇಳುವ ಕಂಪ್ಯೂಟರ್ ಸಿಮ್ಯುಲೇಷನ್ ಒಂದು ತಯಾರಾಗಿದೆ, ಬಂದು ನೋಡಿ ಎಂದು ಉತ್ಸವದವರು ಊರಿನ ಕೆಲವರನ್ನು ಕರೆದಿದ್ದರು. ಪತ್ರಿಕೆಗೆ ಬರೆಯುವವನೆಂದು ನನಗೂ ಒಂದು ಕುರ್ಚಿ, ಒಂದು ಲೋಟ ಕಾಫಿ.

ಪರದೆಯ ಮೇಲೆ ನಮ್ಮೂರ ನಕ್ಷೆ. ಅದರ ತುಂಬ ಇರುವೆಗಳ ಹಾಗೆ ಚುಕ್ಕಿಗಳು. ಹೋದ ವರ್ಷ ಯಾರ ಮೊಬೈಲು ಎಲ್ಲೆಲ್ಲಿ ಓಡಾಡಿತು ಎಂಬ ಮಾಹಿತಿಯಿಂದ ಮಾಡಿದ್ದಂತೆ. ಒಂದು ಮೊಬೈಲಿಗೆ ಒಂದು ಚುಕ್ಕಿ. ಬೇಗ ಹೊರಟರೆ ಕೆಂಪು, ಹೆಚ್ಚು ಹೊತ್ತು ನಿಂತರೆ ಹಸಿರು.

"ಹಸಿರು ಅಂದ್ರೆ ಎಂಜಾಯ್ ಮಾಡ್ತಿದ್ದಾರೆ ಅಂತ ಸಾರ್" ಎಂದರು ವಿವರಿಸುತ್ತಿದ್ದ ಹೆಣ್ಣುಮಗಳು. ನದಿಗೆ ಇಳಿಯುವ ರಸ್ತೆಯ ಮೂಲೆ ತೋರಿಸಿದರು. ತಿಂಡಿ ಅಂಗಡಿಗಳಿದ್ದ ಜಾಗ. "ನೋಡಿ, ಈ ಇಬ್ಬರು ಬೆಳಿಗ್ಗೆಯಿಂದ ಸಂಜೆವರೆಗೂ ಇಲ್ಲಿಂದ ಕದಲೇ ಇಲ್ಲ."

ಕಾಫಿ ಲೋಟ ಕೆಳಗಿಟ್ಟೆ. ಆ ಇಬ್ಬರಲ್ಲಿ ಒಬ್ಬ ನಾನು. ಇನ್ನೊಬ್ಬರು ಕಿಕ್ಕೇರಿಯ ನಮ್ಮ ಭಾವ. ಅವರ ಕೈಯಲ್ಲಿದ್ದದ್ದು ಪಾನಿಪೂರಿ ತಟ್ಟೆ ಅಲ್ಲ. ನಮ್ಮ ಅಕ್ಕನ ಅಸ್ಥಿ.

"ಅಪ್ಪನ್ನ ಬುಟ್ಟ ಜಾಗದಲ್ಲೇ ನನ್ನೂ ಬುಡಿ" ಎಂದು ಅಕ್ಕ ಆಸ್ಪತ್ರೆಯಲ್ಲಿ ಭಾವನಿಂದ ಮಾತು ತೆಗೆದುಕೊಂಡಿದ್ದಳು. ಅಪ್ಪನ ಅಸ್ಥಿ ಬಿಟ್ಟಿದ್ದು ಆ ರಸ್ತೆಯ ತುದಿಯ ಸ್ನಾನಘಟ್ಟದಲ್ಲಿ. ಅವತ್ತು ನೋಡಿದರೆ ರಸ್ತೆಗೆ ಬ್ಯಾರಿಕೇಡು. ಆಚೆ ವೇದಿಕೆ, ರಿಹರ್ಸಲ್ಲು. "ಅರ್ಧ ಗಂಟೆ ಇರಿ ಯಜಮಾನ್ರೆ, ಬುಡ್ತೀವಿ" ಎಂದರು ಬ್ಯಾಡ್ಜು ಹಾಕಿಕೊಂಡವರು. ಆಮೇಲೆ ಕೇಳಿದರೆ ಮತ್ತೆ ಅರ್ಧ ಗಂಟೆ.

ನನ್ನ ಮನೆ ಅಲ್ಲೇ ಹಿಂದಿನ ಬೀದಿಯಲ್ಲಿ. ಆದರೆ ಬಂದು ಕೂತುಕೊಳ್ಳಿ ಎನ್ನುವ ಹಾಗಿಲ್ಲ. ನಮ್ಮಲ್ಲಿ ಅಸ್ಥಿಯ ಕುಡಿಕೆ ಹಿಡಿದವರು ಯಾರ ಮನೆಯ ಹೊಸಿಲನ್ನೂ ತುಳಿಯುವುದಿಲ್ಲ, ಅದನ್ನು ನೆಲಕ್ಕೆ ಇಡುವುದಿಲ್ಲ, ನೀರಿಗೆ ಬಿಡುವತನಕ ಏನೂ ತಿನ್ನುವುದಿಲ್ಲ. ಭಾವ ಗೋಬಿ ಮಂಚೂರಿ ಗಾಡಿಯ ಪಕ್ಕ, ಬಿಸಿಲಲ್ಲಿ, ಕುಡಿಕೆಯನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರು.

"ನೀನಾರ ಓಗಿ ಉಣ್ಣೋಗ್ಲಾ" ಎಂದರು. ನಾನು ಹೋಗಲಿಲ್ಲ.

ಸ್ವಲ್ಪ ಹೊತ್ತು ಬಿಟ್ಟು ಅವರೇ, "ನಿಮ್ಮಕ್ಕಂಗೆ ಜನ, ಗದ್ಲ ಅಂದ್ರೆ ಆಯ್ತಿರ್ಲಿಲ್ಲ ಕಣ್ಲಾ. ಇವತ್ತು ಸಂತೆ ಮಧ್ಯ ಅವ್ಳೆ ನೋಡು" ಎಂದರು.

(ನಮ್ಮ ಪಟ್ಟಣಕ್ಕೆ ಜನ ವರ್ಷವಿಡೀ ಹೀಗೆ ಕುಡಿಕೆ ಹಿಡಿದು ಬರುತ್ತಾರೆ. ಕಂಪ್ಯೂಟರಿಗೆ ಗೊತ್ತಿಲ್ಲ, ಸರಿ. ಉತ್ಸವ ಮಾಡಿದವರಿಗೂ ಗೊತ್ತಿರಬೇಡವೇ?)

ದಾರಿ ಬಿಟ್ಟಾಗ ಹೊತ್ತು ಮುಳುಗಿತ್ತು. ಹೊತ್ತು ಮುಳುಗಿದ ಮೇಲೆ ಅಸ್ಥಿ ಬಿಡುವುದಿಲ್ಲ. ಭಾವ ಅಕ್ಕನನ್ನು ಎತ್ತಿಕೊಂಡು ವಾಪಸ್ ಬಸ್ಸು ಹತ್ತಿದರು. ಮನೆಯೊಳಗೆ ಒಯ್ಯುವಂತಿಲ್ಲವಲ್ಲ? ನಮ್ಮೂರ ಉತ್ಸವ ಮುಗಿಯುವವರೆಗೂ ಅಕ್ಕ ಕಿಕ್ಕೇರಿಯ ಹೊಲದಲ್ಲಿ ಹುಣಸೆಮರಕ್ಕೆ ನೇತಾಡುತ್ತಿದ್ದಳು.

ಇಷ್ಟನ್ನೂ ಸಭೆಯಲ್ಲಿ ಹೇಳಿದೆ. ಆ ಹೆಣ್ಣುಮಗಳ ಮುಖ ಸಪ್ಪಗಾಯಿತು. ಪಾಪ, ಕೆಟ್ಟವರಲ್ಲ. "ಹಾಗೆ ನಿಂತವರಿಗೆ ಬೇರೆ ಕಲರ್ ಕೊಡಬಹುದು ಸಾರ್. ಯಾವುದು ಕೊಡ್ಲಿ?" ಎಂದರು.

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಯಾವ ಬಣ್ಣ ಅಂತ ಹೇಳಲಿ? ಅಷ್ಟರಲ್ಲಿ ಮುಂದಿನ ಸ್ಲೈಡು ಬಂತು. ಆ ಮೂಲೆ ಜನರಿಗೆ ಬಹಳ ಇಷ್ಟವಾಗಿದೆ, ಈ ವರ್ಷ ಅಲ್ಲಿ ಇನ್ನಷ್ಟು ಅಂಗಡಿ ಹಾಕಬಹುದು ಎಂದು ಮೊದಲೇ ಬರೆದಿಟ್ಟಿದ್ದರು.

ನಿನ್ನೆ ಭಾವ ಫೋನ್ ಮಾಡಿದ್ದರು. ಅಕ್ಕನ ವರ್ಷದ ತಿಥಿ ಈ ಸಲ ಉತ್ಸವದ ದಿನವೇ ಬೀಳುತ್ತದೆ. "ಪಿಂಡ ಅಲ್ಲೇ ಬುಡ್ಬೇಕು ಕಣ್ಲಾ. ಈ ಸಲನಾರ ದಾರಿ ಬುಟ್ಟಾರಾ?" ಎಂದು ಕೇಳಿದರು.

"ಬರುವಾಗ ಫೋನು ಮನೇಲೇ ಬುಟ್ಟು ಬನ್ನಿ ಭಾವ" ಎಂದೆ.