ಅರಿವಾಳು ಎಲ್ಲಿತ್ತು?

ನಮ್ಮ ಯಜಮಾನರು ಕೊಯಮತ್ತೂರಿನ ಸೆಷನ್ಸ್ ಕೋರ್ಟಿನಲ್ಲಿ ಆಪಾದಿತರ ಪರ ವಾದಿಸುತ್ತಿದ್ದ ವಕೀಲರು. ಐವತ್ತರ ದಶಕದ ಮೊದಲ ವರ್ಷಗಳು ಅವು. ಕೊಲೆ ಕೇಸು ಅಂದರೆ ಬೇರೆಯವರಿಗೆ ಎದೆ ನಡುಗುತ್ತಿತ್ತೋ ಏನೋ, ನನಗಂತೂ ಇನ್ನೆರಡು ಪಾವು ಅಕ್ಕಿ ಹೆಚ್ಚಿಗೆ ಹಾಕಬೇಕು ಅನ್ನುವ ಸಮಾಚಾರ. ಕಕ್ಷಿದಾರರ ಮನೆಯವರು ಹಳ್ಳಿಯಿಂದ ಬಸ್ಸು ಹತ್ತಿ ಬಂದರೆ ವಿಚಾರಣೆ ಮುಗಿಯುವವರೆಗೂ ನಮ್ಮ ಜಗಲಿಯಲ್ಲೇ ಬಿಡಾರ. ಕನ್ನಡ ಮಾತಾಡುವ ವಕೀಲರು ಅಂತ ಸುತ್ತಲಿನ ನಮ್ಮ ಭಾಷೆಯ ಒಕ್ಕಲುಮನೆಯವರೆಲ್ಲ ನಮ್ಮಲ್ಲಿಗೇ ಬರುತ್ತಿದ್ದರು.

ಆ ಸಲ ಬಂದವರು ಅಕ್ಕತಂಗಿಯರು, ಪೆರಿಯನಾಯಕನಪಾಳ್ಯದಿಂದ ಆಚೆಯ ಹಳ್ಳಿಯವರು. ಅಕ್ಕನನ್ನು ಅಣ್ಣನಿಗೆ, ತಂಗಿಯನ್ನು ಅವನ ತಮ್ಮನಿಗೆ ಕೊಟ್ಟಿದ್ದರು. ಒಂದೇ ಮನೆ, ಒಂದೇ ಒಲೆ. ಬಾವಿಯಿಂದ ಕಪಿಲೆ ಹೊಡೆದು ನೀರೆತ್ತುವ ಸರದಿ ಯಾರದು ಅಂತ ಜಗಳವಾಗಿ ಅಣ್ಣ ತಮ್ಮನನ್ನು ಅರಿವಾಳಿನಿಂದ ಕಡಿದುಬಿಟ್ಟಿದ್ದ. ಅರಿವಾಳು ಅಂದರೆ ನಾವು ತೆಂಗಿನ ಗರಿ ಕಡಿಯುವ ಬಾಗಿದ ಮಚ್ಚು. ಕಡಿದವನು ಓಡಿಹೋಗಲಿಲ್ಲ. ಅದನ್ನೇ ಹಿಡಿದುಕೊಂಡು ಊರ ಮುನಸೀಫನ, ಅಂದರೆ ನಮ್ಮ ಕಡೆಯ ಪಟೇಲನಂಥವನ, ಮನೆಗೆ ನಡೆದುಹೋಗಿ, ನಾನೇ ಮಾಡಿದೆ ಅಂದನಂತೆ.

ಜೈಲಿನಲ್ಲಿದ್ದವನ ಹೆಂಡತಿ ನಮ್ಮ ಮನೆಗೆ ಬಂದದ್ದು ಸರಿ. ಆದರೆ ಸತ್ತವನ ಹೆಂಡತಿ ಸರ್ಕಾರದ ಕಡೆಯ ಸಾಕ್ಷಿ! ಇಬ್ಬರೂ ಒಂದೇ ಬಟ್ಟೆಗಂಟು ಹಿಡಿದು ಬಂದು ಜಗಲಿ ಮೇಲೆ ಕೂತಿದ್ದು ನೋಡಿ ನಮ್ಮ ಯಜಮಾನರು ಚೇಳು ಕಡಿದವರ ಹಾಗೆ ಕುಣಿದರು.

"ಇವಳನ್ನ ಯಾಕಮ್ಮ ಇಲ್ಲಿಗೆ ಕರಕೊಂಡು ಬಂದೆ? ನಾನೇ ಸಾಕ್ಷಿ ಕೆಡಿಸಿದೆ ಅಂತಾರೆ ನಾಳೆ!"

ಅಕ್ಕನಿಗೆ ಏನೂ ತಿಳಿಯಲಿಲ್ಲ. "ಒಂದೇ ಮನೆಯೋರಲ್ವಾ ಸಾಮಿ. ಇವಳು ಇನ್ನೆಲ್ಲಿಗೆ ಹೋಗ್ತಾಳೆ?" ಅಂದಳು.

ಕೊನೆಗೆ ನಾನೇ ಬಾಯಿ ಹಾಕಿದೆ. ತಂಗಿ ಪಕ್ಕದ ಮನೆಯ ಅಜ್ಜಿಯ ಹತ್ತಿರ ಮಲಗಲಿ, ಊಟ ಮಾತ್ರ ನಮ್ಮಲ್ಲಿ. ಇವರು ಅದಕ್ಕೂ ಮುಖ ಸಿಂಡರಿಸಿದಾಗ, "ಸಾಕ್ಷಿಗೆ ಹಸಿವಾಗಬಾರದು ಅಂತ ನಿಮ್ಮ ಕಾನೂನಲ್ಲಿ ಬರೆದಿದೆಯೇನ್ರೀ?" ಅಂತ ಕೇಳಿದೆ. ಫೈಲು ಎತ್ತಿಕೊಂಡು ಒಳಗೆ ಹೋದರು.

ಮೊದಲ ದಿನ ಎರಡು ಎಲೆ ಹಾಕಿದೆ. ಅಕ್ಕ ಒಂದನ್ನು ಮಡಿಸಿ ಪಕ್ಕಕ್ಕಿಟ್ಟು, "ನಾವು ಚಿಕ್ಕಂದಿನಿಂದ ಒಂದರಲ್ಲೇ ಉಣ್ಣೋದಮ್ಮ" ಅಂದಳು. ಒಬ್ಬಳ ಹಣೆಯಲ್ಲಿ ಕುಂಕುಮ, ಇನ್ನೊಬ್ಬಳದು ಬರಿಹಣೆ. ಒಂದೇ ಎಲೆಗೆ ಕೈ ಹಾಕಿ ಉಂಡರು. ಬಡಿಸುತ್ತಿದ್ದ ನನಗೆ ಅನ್ನ ಎಲ್ಲಿಗೆ ಹಾಕಬೇಕು ಅಂತಲೇ ತೋಚಲಿಲ್ಲ.

ಮಾರನೆಯ ದಿನ ಇವರು ಅಕ್ಕನನ್ನು ಕೂರಿಸಿಕೊಂಡು ಕೇಸು ವಿವರಿಸಿದರು. ಕಡಿದದ್ದು ಅವಳ ಗಂಡನೇ ಅನ್ನುವುದರಲ್ಲಿ ಅನುಮಾನವಿಲ್ಲ. ಅರಿವಾಳು ಎಲ್ಲಿತ್ತು ಅನ್ನುವುದೊಂದೇ ಪ್ರಶ್ನೆ. ಗರಿ ಕಡಿಯುತ್ತಾ ಕೈಯಲ್ಲೇ ಇದ್ದು, ಮಾತಿಗೆ ಮಾತು ಬೆಳೆದು ಬೀಸಿದ ಅಂತಾದರೆ ಅದು ಸಿಟ್ಟಿನ ಭರದಲ್ಲಿ ಆದದ್ದು, ಕೆಲವು ವರ್ಷ ಜೈಲು. ಜಗಳ ಬಿಟ್ಟು ಕೊಟ್ಟಿಗೆಗೆ ಹೋಗಿ ಅದನ್ನು ತಂದು ಕಡಿದ ಅಂತಾದರೆ ಬೇಕಂತಲೇ ಮಾಡಿದ ಕೊಲೆ. ಆ ಕಾಲದಲ್ಲಿ ಅದಕ್ಕೆ ನೇಣೇ ಕಟ್ಟಿಟ್ಟದ್ದು. ಗಲ್ಲು ಬೇಡ ಅನ್ನಬೇಕಾದರೆ ಜಡ್ಜಿಯೇ ಕಾರಣ ಬರೆಯಬೇಕಿತ್ತು. ಬಾವಿಯ ಹತ್ತಿರ ಆಗ ಇದ್ದವಳು ತಂಗಿ ಒಬ್ಬಳೇ. ಕೆಳಗಿನ ಕೋರ್ಟಿನಲ್ಲಿ ವಿಚಾರಣೆ ನಡೆದಾಗ ಅವಳು ಗಂಡ ಸತ್ತವಳು ಅಂತ ಮೂಲೆಯಲ್ಲಿ ಕೂತಿದ್ದಳು, ಹೋಗಿರಲಿಲ್ಲ. ಈಗ ಅವಳು ಬಾಯಿಬಿಟ್ಟು ಏನು ಹೇಳುತ್ತಾಳೋ ಅದೇ.

ಅಷ್ಟರಲ್ಲಿ ಇವರು ತಿರುಗಿ ನೋಡಿದರೆ ತಂಗಿ ಅಡುಗೆಮನೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಳೆ! ಎಲ್ಲಾ ಕೇಳಿಸಿಕೊಂಡಿದ್ದಳು. ಇವರ ಸಿಟ್ಟೆಲ್ಲ ನನ್ನ ಮೇಲೆ. "ನಾನೇನು ಅವಳ ಕಿವಿಗೆ ಹತ್ತಿ ತುರುಕಬೇಕಿತ್ತಾ? ನಿಮ್ಮ ಗಂಟಲು ಬೀದಿಗೆಲ್ಲ ಕೇಳಿಸುತ್ತೆ" ಅಂದೆ.

ಸಂಜೆ ಹಿತ್ತಿಲಲ್ಲಿ ಪಾತ್ರೆ ತೊಳೆಯುವಾಗ ಅವಳಾಗಿಯೇ ಹೇಳಿದಳು. "ಭಾವ ಕೊಟ್ಟಿಗೆಗೆ ಹೋದ್ರಮ್ಮ. ನಾನು ನೋಡ್ದೆ. ಜಗಳ ಮುಗೀತು ಅಂದ್ಕೊಂಡು ನಮ್ಮನೆಯೋರು ಆ ಕಡೆ ತಿರುಗಿ ಎತ್ತು ಬಿಚ್ಚುತಿದ್ರು."

ನಾನು ತೊಳೆದಿಟ್ಟ ತಟ್ಟೆಯನ್ನೇ ಮತ್ತೆ ಎತ್ತಿಕೊಂಡು ತೊಳೆದೆ. ಅವಳು ನನ್ನಿಂದ ಏನನ್ನೂ ಕೇಳಲಿಲ್ಲ. ಚೊಂಬನ್ನು ಹುಣಸೆಹಣ್ಣು ಹಾಕಿ ಬೆಳ್ಳಗೆ ತಿಕ್ಕಿಟ್ಟು ಪಕ್ಕದ ಮನೆಗೆ ಹೋದಳು.

ಸಾಕ್ಷಿಯ ದಿನ ಅಕ್ಕನಿಗೆ ಜೊತೆಗಿರಲಿ ಅಂತ ನಾನೂ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತೆ. ಅಭಿಪ್ರಾಯ ಹೇಳಲು ಊರಿನ ನಾಲ್ಕು ಜನ ದೊಡ್ಡಮನುಷ್ಯರನ್ನು ಜಡ್ಜಿಯ ಪಕ್ಕ ಕೂರಿಸುತ್ತಿದ್ದ ಕಾಲ. ಅವರಲ್ಲೊಬ್ಬರು ಚೆನ್ನಾಗಿ ತೂಕಡಿಸುತ್ತಿದ್ದರು, ಒಂದು ಜೀವದ ಪ್ರಶ್ನೆ ಅಂತಲೂ ಇಲ್ಲ ಮಹಾರಾಯನಿಗೆ. ತಂಗಿ ಕಟಕಟೆ ಹತ್ತಿ ತಮಿಳಿನಲ್ಲಿ, ಗಟ್ಟಿಯಾಗಿ ಹೇಳಿದಳು: "ಭಾವನ ಕೈಯಲ್ಲೇ ಇತ್ತು. ಗರಿ ಕಡೀತಿದ್ರು."

ಸರ್ಕಾರಿ ವಕೀಲರು ತಟ್ಟನೆ ಎದ್ದರು. "ಕೊಟ್ಟಿಗೆಯಿಂದ ತಂದ ಅಂತ ಪೊಲೀಸರ ಹತ್ತಿರ ಹೇಳಿದ್ದೀಯಲ್ಲಮ್ಮ?"

"ಅವರು ಬರ್ಕೊಂಡ್ರು. ನನಗೆ ಓದೋಕೆ ಬರಲ್ಲ."

ಎಷ್ಟು ತಿರುಗಿಸಿ ಮುರುಗಿಸಿ ಕೇಳಿದರೂ ಅದೇ ಮಾತು. ಪೊಲೀಸರು ಬರೆದುಕೊಂಡದ್ದನ್ನು ಕೋರ್ಟು ಸಾಕ್ಷಿಯಾಗಿ ಹಿಡಿಯುವ ಹಾಗಿರಲಿಲ್ಲ. ಆಪಾದಿತನ ಕಟಕಟೆಯಲ್ಲಿದ್ದ ಭಾವ ತಲೆ ಎತ್ತಲಿಲ್ಲ, ಅವಳೂ ಆ ಕಡೆ ನೋಡಲಿಲ್ಲ.

ತೀರ್ಪು ಬಂತು: ಕೊಲೆಯಲ್ಲ, ಹಠಾತ್ ಜಗಳದಲ್ಲಿ ಆದ ಸಾವು. ಏಳು ವರ್ಷ ಕಠಿಣ ಸಜೆ. ನಮ್ಮ ಯಜಮಾನರು ಗೆದ್ದ ಖುಷಿಯಲ್ಲಿ ಪಾಯಸ ಮಾಡು ಅಂದರು. ನಾನು ಮಾಡಲಿಲ್ಲ. ಅನ್ನ, ಸಾರು, ಅವರೆಕಾಯಿ ಪಲ್ಯ, ಅಷ್ಟೇ.

ಅಕ್ಕ ಮುಖ ತೊಳೆದು, ನನ್ನಿಂದ ಕುಂಕುಮ ಕೇಳಿ ಇಸಕೊಂಡು ಅಗಲವಾಗಿ ಇಟ್ಟುಕೊಂಡಳು. ಅಳುತ್ತಿದ್ದಳು, ನಗುತ್ತಿದ್ದಳು, ಊರಿಗೆ ಹೋದ ತಕ್ಷಣ ದೇವರಿಗೆ ಪೊಂಗಲ್ ಇಡಬೇಕು ಅಂತಿದ್ದಳು. ಎಲೆಯ ಮುಂದೆ ಕೂತು ತಂಗಿಗೆ ಜಾಗ ಬಿಟ್ಟು, "ಬಾರೇ, ಉಣ್ಣೋಣ" ಅಂತ ಕರೆದಳು.

ತಂಗಿ ಗೋಡೆಗೆ ಒರಗಿ ನಿಂತೇ ಇದ್ದಳು. "ನಂಗೆ ಬೇರೆ ಎಲೆ ಹಾಕಿ ಅಮ್ಮ" ಅಂದಳು ನನಗೆ.

"ಯಾಕೇ?" ಅಂದಳು ಅಕ್ಕ.

"ಭಾವ ಉಳ್ಕೊಂಡ್ರಲ್ಲ, ಸಾಕು. ನಾನಿನ್ನು ಆ ಮನೆಗೆ ಬರಲ್ಲ ಅಕ್ಕ. ಅಪ್ಪನ ಮನೆಗೆ ಹೋಗ್ತೀನಿ. ಇನ್ಮೇಲೆ ನೀನು ಅಲ್ಲಿಗೆ ಬರಬೇಡ."

ಅಕ್ಕನಿಗೂ ತವರು ಅಂತ ಇದ್ದದ್ದು ಅದೊಂದೇ ಮನೆ. ಕಲಸಿದ ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದಳು, ನಾನಾದರೂ ಏನಾದರೂ ಹೇಳುತ್ತೇನೇನೋ ಅಂತ. ನಾನು ಒಳಗೆ ಹೋಗಿ ಇನ್ನೊಂದು ಎಲೆ ತಂದು, ನೀರು ಚಿಮುಕಿಸಿ, ಆ ಕಡೆಯ ಗೋಡೆಯ ಹತ್ತಿರ ಹಾಕಿದೆ.