ಮೊಟ್ಟೆ ಮೈದಾನದ ಚರಿತ್ರೆ

ಚರಿತ್ರೆ ಬರೆಯುವ ಕೆಲಸ ನನ್ನ ತಲೆಗೆ ಬಂದದ್ದು ನಾನೇನೋ ದೊಡ್ಡ ಬರಹಗಾರ್ತಿ ಅಂತಲ್ಲ. ಎಲ್ಲರೂ ಬೆವರು ಸುರಿಸಿ ಆಡುವಾಗ ಗೆರೆಯಾಚೆ ಕೂತು ಚುರುಮುರಿ ತಿನ್ನುತ್ತಿದ್ದವಳು ನಾನೊಬ್ಬಳೇ ಅಂತ. ಕೂತು ತಿಂದವರೇ ಬರೆಯಲಿ ಎಂದು ತೀರ್ಮಾನವಾಯಿತು.

ಇಂಗ್ಲೆಂಡಿನ ಬೀಸ್ಟನ್ನಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ದಾಟಿದರೆ ಒಂದು ದೊಡ್ಡ ಬಯಲಿದೆ. ಬೇಸಿಗೆಯ ಶನಿವಾರಗಳಲ್ಲಿ ನಮ್ಮವರೂ ಅವರ ಗೆಳೆಯರೂ ಅಲ್ಲಿ ಆಸ್ಟ್ರೇಲಿಯದ ಫುಟ್‌ಬಾಲ್ ಆಡುತ್ತಾರೆ. ಈ ವರ್ಷದ ಮೊದಲಲ್ಲಿ, ಚಳಿ ಇನ್ನೂ ಬಿಟ್ಟಿರಲಿಲ್ಲ, ಇಲ್ಲಿನ ನಗರಸಭೆಯಾದ ಕೌನ್ಸಿಲ್‌ನಿಂದ ಒಂದು ಪತ್ರ ಬಂತು. ಬಯಲನ್ನು ಎರಡು ಭಾಗ ಮಾಡಿ, ಎರಡು ಸಾಧಾರಣ ಫುಟ್‌ಬಾಲ್ ಮೈದಾನ ಮಾಡುವ ಯೋಚನೆ ಇದೆ, ನಡುವೆ ಬೇಲಿ ಬರುತ್ತದೆ. ನೀವು ಆಡುವ ಮೈದಾನ ನಮ್ಮ ನಕ್ಷೆಯಲ್ಲಿ ಎಲ್ಲೂ ಇಲ್ಲ. ಇದೆ ಎನ್ನುವುದಾದರೆ ಅದರ ಚರಿತ್ರೆಯನ್ನು ಪುರಾವೆ ಸಮೇತ ಕಳಿಸಿ. ಇಷ್ಟೇ. ಪುರಾವೆ ಇಲ್ಲದಿದ್ದರೆ ಬೇಲಿ, ಬೇಲಿ ಬಂದರೆ ಆಟ ಬಂದ್. ಅಷ್ಟು ಅಗಲದ ಹುಲ್ಲು ಸುತ್ತಮುತ್ತ ಇನ್ನೆಲ್ಲೂ ಇಲ್ಲ.

"ಮೈದಾನನ ಇಲ್ಲಂತಾರಲ್ಲ!" ನಮ್ಮವರು ಪತ್ರವನ್ನು ಮೂರನೆಯ ಸಲ ಓದಿದರು. "ಹಂಗಂದ್ರ ನಾ ಒಂಬತ್ತು ವರ್ಷ ಎಲ್ಲಿ ಬಿದ್ದು ಮೊಣಕಾಲು ಕೆತ್ತಿಸ್ಕೊಂಡೆ?"

"ಆ ಮೊಣಕಾಲನ್ನೇ ಫೋಟೊ ತೆಗೆದು ಕಳಿಸೋಣ ಬಿಡ್ರಿ," ಅಂದೆ. ನಗಲಿಲ್ಲ. ಚಹಾ ಆರಿಹೋದರೂ ಮುಟ್ಟಲಿಲ್ಲ. ನನಗೆ ಆಗಲೇ ಗಾಬರಿಯಾದದ್ದು.

ಈ ಆಟ ನೋಡದವರಿಗೆ ಒಂದಿಷ್ಟು ಹೇಳಬೇಕು. ಚೆಂಡು ಮೊಟ್ಟೆಯ ಹಾಗಿರುತ್ತದೆ, ಮೈದಾನವೂ ಮೊಟ್ಟೆಯ ಹಾಗೇ. ಎರಡೂ ತುದಿಗೆ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ ಆರು ಅಂಕ. ಚೆಂಡು ಜಾರಿ ಪಕ್ಕದ ಗಿಡ್ಡ ಕಂಬದ ಸಂದಿಯಲ್ಲಿ ಹೋದರೆ ಒಂದು. ಗುರಿ ತಪ್ಪಿದವನನ್ನೂ ಬರಿಗೈಯಲ್ಲಿ ಕಳಿಸುವುದಿಲ್ಲ. "ಇಂಥಾ ಧರ್ಮದ ಆಟ ಜಗತ್ತಿನ್ಯಾಗ ಇನ್ನೊಂದಿಲ್ಲ," ಎನ್ನುತ್ತಾರೆ ನಮ್ಮವರು. ಅವರು ಗಳಿಸಿದ್ದೆಲ್ಲ ಆ ಒಂದರ ಜಾತಿಯ ಅಂಕಗಳೇ.

ಆದರೆ ನಾನು ಸುಮ್ಮನೆ ನಗುವ ಹಾಗಿಲ್ಲ. ಗದಗಿನ ಶಾಲೆಯಲ್ಲಿ ಯಾವ ಆಟಕ್ಕೂ ಯಾರೂ ಕರೆಯದ ಮನುಷ್ಯ ಇವರು. ಡರ್ಬಿಯಲ್ಲಿ ವಿಮಾನದ ಎಂಜಿನ್ ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಧ್ಯಾಹ್ನದ ಬುತ್ತಿಯನ್ನು ಕಾರಿನಲ್ಲಿ ಒಬ್ಬರೇ ಕೂತು ತಿನ್ನುತ್ತಿದ್ದರಂತೆ. ನನಗೆ ಹೇಳಿದ್ದು ಎಷ್ಟೋ ಕಾಲದ ಮೇಲೆ. ಆಮೇಲೆ ಒಬ್ಬ ಆಸ್ಟ್ರೇಲಿಯದ ಸಹೋದ್ಯೋಗಿ ಕಾರಿನ ಗಾಜು ಬಡಿದು, "ಓಡೋಕೆ ಬರುತ್ತಾ?" ಅಂತ ಕೇಳಿದ. ಬರುತ್ತಿರಲಿಲ್ಲ. ಬರುತ್ತದೆ ಅಂದರು. ಇವರು ತಮ್ಮ ಇಡೀ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಸುಳ್ಳು ಹೇಳಿಲ್ಲ.

ಹೀಗೆ ಶುರುವಾಯಿತು. ಆ ಆಸ್ಟ್ರೇಲಿಯದವನು, ನಮ್ಮವರು, ಇಬ್ಬರು ಡಾಕ್ಟರು, ಮಿಕ್ಕಂತೆ ಯೂನಿವರ್ಸಿಟಿಗೆ ಓದಲು ಬಂದ ನಮ್ಮ ಕಡೆಯ ಹುಡುಗರು. ಒಂದು ಕಡೆಗೆ ಹದಿನೆಂಟು ಜನ ಬೇಕಂತೆ, ನಾವು ಒಂಬತ್ತಕ್ಕೇ ತೃಪ್ತರು. ಎರಡು ಗೂಟ ಹೊಡೆದು, ಉದ್ದ ಹಗ್ಗವನ್ನು ಕುಣಿಕೆ ಮಾಡಿ ಸುತ್ತಿ, ಹಗ್ಗ ಬಿಗಿಯಾಗಿ ಹಿಡಿದುಕೊಂಡು ಸುತ್ತು ಬರುತ್ತ ಮೊದಲ ಗೆರೆ ಎಳೆದವರು ನಮ್ಮವರೇ. ಎಂಜಿನಿಯರಿಂಗ್ ಓದಿದ್ದು ಅವತ್ತು ಸಾರ್ಥಕವಾಯಿತು ಎಂದು ಈಗಲೂ ಬೀಗುತ್ತಾರೆ.

ಇಷ್ಟು ಬರೆದೆ. ಅದಕ್ಕೂ ಹಿಂದಿನದನ್ನು ಪಕ್ಕದ ಮನೆಯ ಇಂಗ್ಲಿಷ್ ಅಜ್ಜ ಹೇಳಿದರು: ಅವರ ತಾಯಿ ಕಾಲುಚೀಲದ ಕಾರ್ಖಾನೆಯಲ್ಲಿದ್ದರಂತೆ, ಆಗ ಅದು ಕಾರ್ಖಾನೆಯ ಕೆಲಸಗಾರರ ಆಟದ ಬಯಲು, ಹೆಂಗಸರು ಊಟದ ಬಿಡುವಿನಲ್ಲಿ ಅಲ್ಲಿ ಓಟದ ಪಂದ್ಯ ಇಡುತ್ತಿದ್ದರು. ಕಾರ್ಖಾನೆ ಮುಚ್ಚಿತು, ಹುಲ್ಲು ಉಳಿಯಿತು. "ನೀವು ಬಂದ ಮೇಲೆ ಮತ್ತೆ ಗಲಾಟೆ ಕೇಳಿಸುತ್ತಿದೆ," ಅಂದರು ಅಜ್ಜ. ಬೈದರೋ ಹೊಗಳಿದರೋ ತಿಳಿಯಲಿಲ್ಲ. ಹೊಗಳಿಕೆ ಎಂದೇ ಬರೆದುಕೊಂಡೆ.

ಇನ್ನು ಪುರಾವೆ. ಅದೇನು ಮಹಾ, ಒಂಬತ್ತು ವರ್ಷದ ಫೋಟೊ ಇದೆಯಲ್ಲ ಎಂದು ವಾಟ್ಸಾಪಿನಲ್ಲಿ ಎಲ್ಲರನ್ನೂ ಕೇಳಿದೆ. ಎರಡು ದಿನದಲ್ಲಿ ನನ್ನ ಫೋನು ಬಿಸಿಯಾಗುವಷ್ಟು ಬಂದವು. ನೋಡುತ್ತ ಹೋದೆ, ನೋಡುತ್ತ ಹೋದೆ, ಮೈದಾನವೇ ಇಲ್ಲ! ನಮ್ಮ ಜನ ಫೋಟೊ ಎಂದ ಕೂಡಲೇ ಸಾಲಾಗಿ ನಿಲ್ಲುತ್ತಾರೆ. ಗೆದ್ದರೂ ಸಾಲು, ಸೋತರೂ ಸಾಲು, ಉದ್ದದವರು ಹಿಂದೆ, ಮಕ್ಕಳು ಮುಂದೆ, ಯಾರದೋ ಸೆರಗು ಅಡ್ಡ. ಹಿಂದಿರುವುದು ಒಂದಿಂಚೂ ಕಾಣಬಾರದೆಂದು ಹಟ ಹಿಡಿದವರ ಹಾಗೆ. ಮಿಕ್ಕವೆಲ್ಲ ಊಟದ ಚಿತ್ರಗಳು. ಪುಳಿಯೋಗರೆ ಹತ್ತಿರದಿಂದ, ಪುಳಿಯೋಗರೆ ದೂರದಿಂದ. ಬಿಳಿ ಗೆರೆ ಕಾಣುವ ಚಿತ್ರ ಒಂದೇ ಒಂದು ಸಿಕ್ಕಿತು, ನಾನೇ ತೆಗೆದದ್ದು; ಆ ಗೆರೆಯ ಮೇಲೆ ಮೊಸರನ್ನದ ಡಬ್ಬಿ, ಉಪ್ಪಿನಕಾಯಿ ಬಾಟಲಿ. ಹೆಮ್ಮೆಯಿಂದ ಅದನ್ನೇ ಕಳಿಸಿದೆ. ಊಟ ಚೆನ್ನಾಗಿ ಕಾಣುತ್ತಿದೆ, ಮೈದಾನ ಯಾವುದು ಎಂದು ಕೌನ್ಸಿಲ್‌ನ ಅಧಿಕಾರಿ ಮೇಡಂ ವಿನಯದಿಂದ ಉತ್ತರ ಬರೆದರು.

ನಕ್ಕು ನಕ್ಕು ಹೊಟ್ಟೆ ಹುಣ್ಣಾಯಿತು. ಆಮೇಲೆ ನಮ್ಮವರ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಮಾರ್ಚಿನಲ್ಲಿ ಗದಗಿನಿಂದ ನಮ್ಮತ್ತೆ ಬಂದರು, ಆರು ತಿಂಗಳಿಗೆ. ಬಂದ ಎರಡನೆಯ ಬೆಳಿಗ್ಗೆಯೇ ಸೀರೆಯ ಮೇಲೆ ಮಗನ ಹಳೆಯ ಜಾಕೆಟ್ ಏರಿಸಿ, ಬೂಟು ಕಟ್ಟಿ, ಹೊರಟು ನಿಂತರು. ನೆಲ ಜಾರುತ್ತದೆ, ದಾರಿ ತೋರಿಸುತ್ತೇನೆ, ನಾನೂ ಬರುತ್ತೇನೆ ಅಂದೆ.

"ಏ ಯವ್ವಾ, ನನಗೇನ ದಾರಿ ತೋರಸ್ತಿ? ನಾಕನೇ ಸಲ ಬಂದೇನಿ. ನನ್ನ ಕಾಲಿಗೆ ಗೊತ್ತೈತಿ."

ಹಿಂದೆಯೇ ಹೋದೆ. ರಾತ್ರಿ ಇಬ್ಬನಿ ಹೆಪ್ಪುಗಟ್ಟಿ ಬಯಲೆಲ್ಲ ಬೆಳ್ಳಗಾಗಿತ್ತು. ಆ ಬಿಳುಪಿನ ನಡುವೆ ಒಂದು ಕಂದು ಗೆರೆ, ಒಂದು ಅಡಿ ಅಗಲದ್ದು, ನಮ್ಮ ಕಾಲಬುಡದಿಂದ ಹೊರಟು, ಬಾಗಿ, ದೂರದ ಮರಗಳ ಬುಡ ಮುಟ್ಟಿ, ಮತ್ತೆ ಬಾಗಿ, ನಮ್ಮ ಕಾಲಬುಡಕ್ಕೇ ಬಂದು ಸೇರಿತ್ತು. ಇಡೀ ಮೊಟ್ಟೆ! ನಾನು ಅಲ್ಲೇ ಕಿರುಚಿದೆ.

"ಅತ್ತೆ, ಮೊಟ್ಟೆ! ಮೊಟ್ಟೆ ನೋಡಿ!"

"ಮುಂಜಮುಂಜಾನೆ ಅದರ ಹೆಸರು ತಗೀಬ್ಯಾಡ. ಮಾವಿನಹಣ್ಣಿನಂಗ ಐತಿ ಅನ್ನು." ಅತ್ತೆ ಆಗಲೇ ಹೊರಟಿದ್ದರು, ಮೈದಾನವನ್ನು ಬಲಗೈಗೆ ಇಟ್ಟುಕೊಂಡು, ಗುಡಿ ಸುತ್ತುವವರ ಹಾಗೆ.

ಮನೆಗೆ ಬಂದು ಕೂರಿಸಿ ಕೇಳಿದೆ. ಕತೆ ಹೊರಬಿತ್ತು. ಒಂಬತ್ತು ವರ್ಷದ ಹಿಂದೆ, ನಮ್ಮ ಡಾಕ್ಟರೊಬ್ಬರ ತಾಯಿ ಕಲಬುರಗಿಯಿಂದ ಬಂದಿದ್ದರು. ಇಲ್ಲಿನ ಬೀದಿಗಳೆಲ್ಲ ಒಂದೇ ಥರ, ಒಂದೇ ಕೆಂಪು ಇಟ್ಟಿಗೆ. ಹೊರಗೆ ಹೋದರೆ ಮನೆ ಸಿಗುವುದಿಲ್ಲವೆಂದು ಅವರಿಗೆ ಭಯ. ಬಯಲಿನ ಗೆರೆ ಕಂಡದ್ದೇ ಧೈರ್ಯ ಬಂತು. ಗೆರೆ ಹಿಡಿದು ನಡೆದರೆ ಹೊರಟಲ್ಲಿಗೇ ವಾಪಸು ಬರುತ್ತೇವಲ್ಲ! ದಿನಾ ಹನ್ನೊಂದು ಸುತ್ತು ನಡೆದರು. ವೀಸಾ ಮುಗಿದು ಹೊರಡುವ ಮುಂಚೆ, ಆಗಷ್ಟೇ ದಾವಣಗೆರೆಯಿಂದ ಬಂದಿದ್ದ ಇನ್ನೊಬ್ಬ ತಾಯಿಯನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಒಂದು ಸುತ್ತು ಹಾಕಿಸಿದರು. ಆ ತಾಯಿ ಮಂಡ್ಯದ ತಾಯಿಗೆ. ಮಂಡ್ಯದವರು ನಮ್ಮತ್ತೆಗೆ. ಹೀಗೇ ಒಬ್ಬರು ಹೊರಟರೆ ಇನ್ನೊಬ್ಬರು, ಸರದಿಯಂತೆ. ಮಳೆಗಾಲ ಚಳಿಗಾಲದಲ್ಲಿ ಬಣ್ಣ ತೊಳೆದುಹೋದರೂ ಇವರು ಬಿಡಲಿಲ್ಲ. ಆಸ್ಪತ್ರೆಯ ನರ್ಸುಗಳಿಗೂ ಇಷ್ಟು ಶಿಸ್ತಿನ ಪಾಳಿಪಟ್ಟಿ ಇರಲಿಕ್ಕಿಲ್ಲ. ಇದೆಲ್ಲ ವಾರದ ದಿನಗಳಲ್ಲಿ, ನಾವೆಲ್ಲ ಕೆಲಸಕ್ಕೆ ಹೋಗಿ, ಮೊಮ್ಮಕ್ಕಳನ್ನು ಶಾಲೆಗೆ ಕಳಿಸಿದ ಮೇಲೆ. ನಮ್ಮ ಗಂಡಸರು ಶನಿವಾರ ಬಂದು, ಬಣ್ಣ ಬಳಿದು ಬಳಿದು ಹುಲ್ಲು ಸುಟ್ಟಿದೆ ಎಂದುಕೊಂಡು ಸವೆದ ಜಾಗದ ಮೇಲೇ ಮತ್ತೆ ಬಣ್ಣ ಬಳಿಯುತ್ತಿದ್ದರು.

ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕಲಬುರಗಿ, ದಾವಣಗೆರೆ, ಮಂಡ್ಯ, ಎಲ್ಲಾ ಕಡೆಗೂ ಫೋನು ಮಾಡಿದೆ. ಒಬ್ಬೊಬ್ಬರದೂ ಗಂಟೆಗಟ್ಟಲೆ ಮಾತು. "ಆ ನಾಯಿಯೋರು ಹೆಂಗವ್ರೆ?" ಅಂತ ಮಂಡ್ಯದವರು ಬಯಲಿಗೆ ದಿನಾ ನಾಯಿ ಕರೆತರುತ್ತಿದ್ದವರನ್ನು ವಿಚಾರಿಸಿದರು. ಚರಿತ್ರೆಯನ್ನು ಹೊಸದಾಗಿ ಬರೆದೆ. ಗಂಡಸರ ಆಟ ಅರ್ಧ ಪುಟಕ್ಕೆ ಇಳಿಯಿತು, ತಾಯಂದಿರು ನಾಲ್ಕು ಪುಟ ಆದರು. ನಮ್ಮವರು ಓದಿ, "ನಾ ಹಗ್ಗ ಹಿಡದಿದ್ದು ಎಲ್ಲೈತಿ?" ಅಂದರು. ಒಂದು ಸಾಲು ಸೇರಿಸಿದೆ.

ಮೇ ತಿಂಗಳಲ್ಲಿ ಅಧಿಕಾರಿ ಮೇಡಂ ತಾವೇ ನೋಡಲು ಬಂದರು. ನಾವು ಗೇಟಿನ ಹತ್ತಿರ ನಿಂತಿದ್ದೆವು. ಅವರು ಗೆರೆ ನೋಡಿದರು, ಬಗ್ಗಿ ಮುಟ್ಟಿದರು, ಬಲಕ್ಕೆ ತಿರುಗಿ ನಡೆಯಲು ಹೊರಟರು. ಅಷ್ಟೇ! ಅತ್ತೆ ಓಡಿಹೋಗಿ ಅವರ ತೋಳು ಹಿಡಿದರು.

"ಯವ್ವಾ, ಹಂಗಲ್ಲ, ಹಿಂಗ. ಮೈದಾನ ಬಲಗೈ ಕಡೆ ಇರಬೇಕು."

ಸರಕಾರಿ ಕೆಲಸದ ಮೇಲೆ ಬಂದವರ ಮೈಮುಟ್ಟಿ ತಿರುಗಿಸಿದರಲ್ಲ ಎಂದು ನಾನು ಧಾವಿಸಿ ಮುಂದೆ ಬಂದೆ. ಅರ್ಥ ಹೇಳಿದೆ. "ಎಲ್ಲರೂ ಹೀಗೇ ನಡೆದರೇ? ಒಂಬತ್ತು ವರ್ಷ?" ಎಂದರು ಮೇಡಂ. ಹೌದು ಅಂದೆ. ಎಡಕ್ಕೆ ತಿರುಗಿದರು. ಅತ್ತೆಗೆ ಸುತ್ತಿನ ಲೆಕ್ಕ ತಪ್ಪಬಾರದೆಂದು ಹನ್ನೊಂದು ಶೇಂಗಾ ಹಿಡಿದು ಹೊರಡುವ ಅಭ್ಯಾಸ, ಸುತ್ತಿಗೊಂದು ಬಾಯಿಗೆ. ಆವತ್ತು ಮೊದಲ ಸುತ್ತು ಮುಗಿದಾಗ ಮೇಡಂ ಕೈಗೂ ಒಂದನ್ನು ಇಟ್ಟರು. ಅಲರ್ಜಿ ಇದ್ದರೆ ಗತಿಯೇನು ಎಂದು ನಾನು ಕೂಗುತ್ತ ಓಡಿದೆ. ಇರಲಿಲ್ಲ. ಮೇಡಂ ಮೂರು ಸುತ್ತು ನಡೆದು ಮೂರು ಶೇಂಗಾ ತಿಂದರು. ಹೋಗುವಾಗ, "ಆಟದ ಬಗ್ಗೆ ನಾನೇನೂ ಹೇಳಲಾರೆ. ಆದರೆ ಜನ ನಡೆಯುವ ದಾರಿಗೆ ಅಡ್ಡ ಬೇಲಿ ಹಾಕುವುದು ಸುಲಭವಲ್ಲ. ನಡೆಯುವವರು ಇರಬೇಕು, ಅಷ್ಟೇ," ಅಂದರು.

ತೀರ್ಮಾನದ ಪತ್ರ ಬಂದದ್ದು ಸೆಪ್ಟೆಂಬರಿನಲ್ಲಿ, ಅತ್ತೆ ಊರಿಗೆ ಹೋದ ಎರಡನೆಯ ವಾರ. ಬೇಲಿ ಇಲ್ಲ. ಜೊತೆಗೆ ಹೊಸ ನಕ್ಷೆ. ಅದರಲ್ಲಿ ಚುಕ್ಕಿ ಚುಕ್ಕಿಯಾಗಿ ನಮ್ಮ ಮೊಟ್ಟೆ, ಪಕ್ಕದಲ್ಲಿ "ನಡೆದಾಡುವ ದಾರಿ" ಎಂದು. ಫುಟ್‌ಬಾಲಿನ ಹೆಸರೇ ಇಲ್ಲ. ದಾರಿಯ ಒಳಗಿನ ಹುಲ್ಲಿನಲ್ಲಿ ಆಡಿಕೊಳ್ಳಬಹುದು ಎಂದಷ್ಟೇ. ನಾನು ಅಡುಗೆಮನೆಯಲ್ಲಿ ಕುಣಿದೆ, ನಿಜವಾಗಿಯೂ ಕುಣಿದೆ, ಸೌಟು ಹಿಡಿದುಕೊಂಡೇ. ನಮ್ಮವರು ನಗುತ್ತ ನಗುತ್ತ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಂಡರು. ಅತ್ತೆಗೆ ವಿಡಿಯೊ ಕಾಲ್ ಮಾಡಿ ನಕ್ಷೆ ತೋರಿಸಿದೆವು.

"ನಾ ಏನ ಮಾಡೇನಿ? ಬರೇ ನಡದೇನಿ," ಅಂದರು. ಆಮೇಲೆ ತಟ್ಟನೆ, "ಈಗ ಅಲ್ಲಿ ಯಾರ ತಾಯಿ ಬಂದಾಳ?"

ನಾವಿಬ್ಬರೂ ಒಂದೊಂದೇ ಮನೆ ನೆನೆಸಿ ನೋಡಿದೆವು. ಯಾರ ತಾಯಿಯೂ ಬಂದಿರಲಿಲ್ಲ.

"ಮತ್ತ ಕುಂತೀರಲ್ಲ! ಹುಲ್ಲು ಬೆಳೀತದ. ನಡೀರಿ, ಏಳ್ರಿ."

ಆ ಶನಿವಾರ ಕೊನೆಯ ಪಂದ್ಯ. ಆಟಕ್ಕೆ ಮೊದಲು ನಮ್ಮ ಒಂಬತ್ತು ಜನ, ಎದುರಾಳಿಗಳಾಗಿ ಬಂದ ಒಂಬತ್ತು ಜನ, ಚಡ್ಡಿ ಬನಿಯನ್ನಿನಲ್ಲಿ ಸಾಲಾಗಿ ದಾರಿ ಹಿಡಿದರು. ಏಕೆಂದು ಎದುರಾಳಿಗಳಿಗೆ ಯಾರೂ ಹೇಳಿರಲಿಲ್ಲ, ಅವರೂ ಕೇಳಲಿಲ್ಲ. ಹನ್ನೊಂದು ಸುತ್ತು ಮುಗಿಸಿ ಆಡಿ ಹೀನಾಯವಾಗಿ ಸೋತೆವು.

ಆ ಸಾಲಿನ ಕಟ್ಟಕಡೆಗೆ ನಾನೂ ಇದ್ದೆ. ಮುಂದೆ ನಮ್ಮವರು, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಎಡಹೆಜ್ಜೆಗೆ ಒಂಚೂರು ಭಾರ ಬಿಟ್ಟು ನಡೆಯುತ್ತಿದ್ದರು. ಇಷ್ಟು ವರ್ಷ ಓಡುವುದನ್ನೇ ನೋಡಿದ್ದೆ, ಇವರು ನಡೆಯುವುದನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಅದು ಅತ್ತೆಯ ನಡಿಗೆ. ಥೇಟ್ ಅತ್ತೆಯದೇ. ನಗು ಬಂತು, ಕಣ್ಣೂ ತುಂಬಿತು, ಕರೆದು ಹೇಳೋಣವೆಂದುಕೊಂಡವಳು ಹೇಳದೆ ಹಿಂದೆ ಹಿಂದೆಯೇ ನಡೆದೆ.